ಹಗುರ ಚಾ ಲಾಟೆ: ಹಾಲು ಬದಲಿಸಬೇಕೋ, ಅಳತಿ ಬದಲಿಸಬೇಕೋ?

ಕಲಬುರಗಿ_ಚಾಕಪ್: ಒಂದು ದೊಡ್ಡ ಕಪ್ ಚಾ ಲಾಟೆಗೆ (ಡಿಕಾಕ್ಷನ್ ಮ್ಯಾಲ ನೊರಿ ಹಾಲು ಹಾಕಿದ ಚಾ) 180 ಮಿ.ಲೀ. ಫುಲ್ ಕ್ರೀಮ್ ಹಾಲು, ಎರಡು ಚಮಚ ಸಕ್ರಿ ಹೋಗ್ತದ. ಕ್ಯಾಲರಿ ಕಮ್ಮಿ ಮಾಡಿ ಇದನ್ನ ಹಗುರ ಮಾಡೋದು ಹ್ಯಾಂಗ? ಹಾಲಿಗೆ ನೀರು ಬೆರೆಸಿದ್ರ ಸಪ್ಪಗಾಗ್ತದ, ನೊರಿನೂ ನಿಲ್ಲಂಗಿಲ್ಲ. ನೊರಿ ಎಬ್ಬಿಸೋ ಮಷೀನ್ ಇಲ್ಲ.

ಸೇಡಂ_ರಸ್ತಾ: ನೀರು ಬೆರೆಸಬ್ಯಾಡ್ರಿ. ಕೊಬ್ಬಿನ ಜೋಡಿ ಪ್ರೋಟೀನೂ ತೆಳು ಆಗ್ತದ, ನೊರಿ ಹಿಡಿಯೋದೇ ಪ್ರೋಟೀನು. ಡಬಲ್ ಟೋನ್ಡ್ ತಗೋರಿ. ಅದರಾಗ ಕೊಬ್ಬು 1.5%, ಕೊಬ್ಬು ಬಿಟ್ಟು ಉಳಿದ ಘನಾಂಶ 9%. ಫುಲ್ ಕ್ರೀಮ್‌ನಾಗೂ ಆ ಘನಾಂಶ 9%ನೇ, ಕೊಬ್ಬು ಮಾತ್ರ 6%. 150 ಮಿ.ಲೀ. ನೀರು ಕುದ್ದ ಮ್ಯಾಲ 2 ಚಮಚ (4–5 ಗ್ರಾಂ) ಸಿಟಿಸಿ (ಸಣ್ಣ ಕಾಳಿನಂಥ) ಚಾ ಪುಡಿ ಹಾಕಿ, ಸಣ್ಣ ಉರಿ ಮ್ಯಾಲ 3 ನಿಮಿಷ ಇಟ್ಟು ಸೋಸ್ರಿ. ಸುಮಾರು 120 ಮಿ.ಲೀ. ಡಿಕಾಕ್ಷನ್ ಸಿಗ್ತದ. ಹಾಲು 100 ಮಿ.ಲೀ. ಸಾಕು. ಸಕ್ರಿ ಒಂದೇ ಚಮಚ, ಅದೂ ಡಿಕಾಕ್ಷನ್‌ಗೆ.

ಬೀದರ್_ದಮ್: ತೆಳು ಹಾಲಿಗೆ ಮೂರು ನಿಮಿಷದ ಡಿಕಾಕ್ಷನ್ ಸಾಲಂಗಿಲ್ರಿ. ಇರಾನಿ ಚಾದ ಹಂಗ ಮುಚ್ಚಳ ಬಿಗಿದು ಅರ್ಧ ತಾಸು ದಮ್ ಕೊಡ್ರಿ, ಹಾಲು ಎಷ್ಟು ಕಮ್ಮಿ ಹಾಕಿದ್ರೂ ಚಾ ಎದ್ದು ನಿಲ್ತದ.

ಶಹಾಪುರ_ಅಡಗಿಮನಿ: ದಮ್ ಚಾ ರುಚಿ ಖರೆ ಅಣ್ಣಾ, ಆದ್ರ ಅದರ ಜೋಡಿ ಬರೋದು ಬತ್ತಿಸಿದ ಗಟ್ಟಿ ಹಾಲು. ಅಷ್ಟು ಹೊತ್ತಿನಾಗ ಪುಡಿಯ ಒಗರೆಲ್ಲ ಇಳೀತದ. ಒಗರು ಹಿಡಿಯೋದು ಹಾಲಿನಾಗಿನ ಕೇಸಿನ್ ಅನ್ನೋ ಪ್ರೋಟೀನು, 100 ಮಿ.ಲೀ. ಹಾಲಿನ ಕೇಸಿನ್ ಅಷ್ಟಕ್ಕ ಸಾಲಂಗಿಲ್ಲ, ನಾಲಿಗಿ ಜಡ್ಡುಗಟ್ತದ. ಕಡಕ್ ಬೇಕಂದ್ರ ಪುಡಿ ಹೆಚ್ಚು ಮಾಡ್ರಿ, ಹೊತ್ತು ಬ್ಯಾಡ.

ಡಬಲ್ ಟೋನ್ಡೇ ಬೇಕು ಅನ್ನೋದನ್ನ ಮಾತ್ರ ನಾ ಒಪ್ಪಂಗಿಲ್ಲ. ಲೆಕ್ಕ ನೋಡ್ರಿ: ಟೋನ್ಡ್ (ಕೊಬ್ಬು 3%) 100 ಮಿ.ಲೀ.ಗೆ ಸುಮಾರು 58 ಕ್ಯಾಲರಿ, ಡಬಲ್ ಟೋನ್ಡ್ 47. ಟೋನ್ಡ್ 80 ಮಿ.ಲೀ. ಹಾಕಿದ್ರೂ 46ಕ್ಕೇ ನಿಲ್ತದ, ಬಾಯಿಗೆ ನುಣುಪೂ ಇರ್ತದ. ನೀವು ಹೇಳಿದ ಫುಲ್ ಕ್ರೀಮ್ 180 ಮಿ.ಲೀ. ಅಂದ್ರ 155ರ ಮ್ಯಾಲ, ಸಕ್ರಿ ಬ್ಯಾರೆ.

ಸೇಡಂ_ರಸ್ತಾ: ಲೆಕ್ಕ ಸರಿ ಅದರಿ ಅಕ್ಕಾ. ಆದ್ರ 20 ಮಿ.ಲೀ. ಹಾಲು ಕಮ್ಮಿ ಆದ್ರ ನೊರಿನೂ ಕಮ್ಮಿ, ಅದಿಲ್ಲದಿದ್ರ ಲಾಟೆ ಹ್ಯಾಂಗ್ರಿ?

ಕಲಬುರಗಿ_ಚಾಕಪ್: ಮುಂಜಾನಿ ಕಾಯಿಸಿಟ್ಟ ಹಾಲು ನಡೀತದೇನ್ರಿ? ನೊರಿ ಯಾವುದರಾಗ ಎಬ್ಬಿಸಬೇಕು?

ಶಹಾಪುರ_ಅಡಗಿಮನಿ: ನಡೀತದ. ರಾತ್ರಿ ಕಾಯಿಸಿ ಫ್ರಿಜ್ಜಿನಾಗ ಇಟ್ಟು, ಮುಂಜಾನಿ ಕೆನಿ ತಗದು ಸಣ್ಣ ಜರಡಿಯಾಗ ಸೋಸ್ರಿ. ಎಮ್ಮಿ ಹಾಲಿಗೆ ಇದು ಭಾಳ ಉಪಯೋಗ. ಪಾಕೀಟಿನ ಮ್ಯಾಲ ‘ಹೋಮೋಜಿನೈಸ್ಡ್’ (ಕೊಬ್ಬಿನ ಹನಿ ಸಣ್ಣಗ ಒಡದು ಹಾಲಿನಾಗ ಬೆರೆಸಿದ್ದು) ಅಂತ ಇದ್ರ ಕೆನಿ ಅಷ್ಟು ಕಟ್ಟಂಗಿಲ್ಲ, ಆ ಕೆಲಸ ಬಿಡ್ರಿ.

ನೊರಿಗೆ ಮುಚ್ಚಳದ ಗಾಜಿನ ಬಾಟ್ಲಿ ಸಾಕು. ತಣ್ಣನ ಹಾಲು ಮೂರನೇ ಒಂದು ಭಾಗ ಮಾತ್ರ ತುಂಬಿ ಅರ್ಧ ನಿಮಿಷ ಜೋರಾಗಿ ಅಲ್ಲಾಡಿಸಿ, ಬೋಗುಣಿಗೆ ಸುರುವಿ ಸಣ್ಣ ಉರಿ ಮ್ಯಾಲ ಇಡ್ರಿ. ಅಂಚಿನಾಗ ಸಣ್ಣ ಗುಳ್ಳಿ ಕಂಡ ಕೂಡ್ಲೇ ಇಳಸ್ರಿ. ಕುದಿ ಬಂದ್ರ ನೊರಿ ಒಡದು ದೊಡ್ಡ ಗುಳ್ಳಿ ಆಗ್ತದ. ಬಿಸಿ ಹಾಲು ಬಾಟ್ಲಿಯಾಗ ಅಲ್ಲಾಡಿಸಬ್ಯಾಡ್ರಿ, ಉಗಿ ಒತ್ತಿ ಮುಚ್ಚಳ ಹಾರ್ತದ.

ಬೀದರ್_ದಮ್: ಎರಡು ಲೋಟದಾಗ ಎತ್ತಿ ಹೊಯ್ದ್ರ ಆಗಂಗಿಲ್ಲೇನು?

ಸೇಡಂ_ರಸ್ತಾ: ಆಗ್ತದ, ಆದ್ರ ಗುಳ್ಳಿ ದೊಡ್ಡವು, ಕಪ್ಪಿಗೆ ಬರೋದ್ರಾಗ ಇಳೀತಾವ. ಇನ್ನೊಂದು, ನೀರು. ಶಹಾಬಾದ್, ಸೇಡಂ ಕಡೆ ನೆಲದಾಗ ಸುಣ್ಣದಕಲ್ಲು, ಬೋರಿನ ನೀರು ಗಡಸು. ಅಂಥ ನೀರಿನಾಗ ಚಾದ ಮ್ಯಾಲ ಕಂದು ಪೊರಿ ಕಟ್ತದ, ಬಣ್ಣ ಮಂಕಾಗ್ತದ. ಮನ್ಯಾಗ ಫಿಲ್ಟರ್ ನೀರು ಇಲ್ಲದಿದ್ರ ಮದ್ಲು ಐದು ನಿಮಿಷ ಕುದಿಸಿ, ತಿಳಿ ಆದ ಮ್ಯಾಲಿನ ನೀರಷ್ಟೇ ತಗೋರಿ. ಎಲ್ಲಾ ಗಡಸು ಹೋಗಂಗಿಲ್ಲ, ಪೊರಿ ಕಮ್ಮಿ ಆಗ್ತದ.

ಕಲಬುರಗಿ_ಚಾಕಪ್: ಓಟ್ಸ್ ಹಾಲು? ಸಕ್ರಿ ಬದ್ಲಿ ಬೆಲ್ಲ?

ಶಹಾಪುರ_ಅಡಗಿಮನಿ: ಮನ್ಯಾಗ ರುಬ್ಬಿದ ಓಟ್ಸ್ ಹಾಲು ಬಿಸಿ ಮಾಡಿದ್ರ ಗಂಜಿ ಆಗ್ತದ. ಅಂಗಡ್ಯಾಗ ಸಿಗೋದ್ರಾಗ ಪಿಷ್ಟವನ್ನ ಕಿಣ್ವ ಹಾಕಿ ಒಡದಿರ್ತಾರ. ಬೆಲ್ಲದಾಗೂ ಗ್ರಾಂಗೆ ಹತ್ರ ನಾಲ್ಕು ಕ್ಯಾಲರಿನೇ, ಹಗುರ ಆಗಂಗಿಲ್ಲ. ರುಚಿಗಂತ ಬೇಕಿದ್ರ ಕಪ್ಪಿನಾಗ ಡಿಕಾಕ್ಷನ್‌ಗೆ ಕರಗಿಸಿ, ಎರಡು ನಿಮಿಷ ಆರಿದ ಮ್ಯಾಲ ಹಾಲು ಹಾಕ್ರಿ. ಕುದಿಯೋ ಹಾಲಿಗೆ ಬೆಲ್ಲ ಬಿದ್ರ ಒಡೀತದ. ಹಸಿ ಶುಂಠಿನೂ ಹಂಗೇ, ನೀರಿನಾಗೇ ಪೂರ್ತಿ ಕುದಿಸ್ರಿ.