ಏರ್‌ಪೋರ್ಟ್ ಪಿಕಪ್, ಡ್ರಾಪ್: ಡ್ರೈವರಣ್ಣನಿಗೆ ಕೇಳಿ

ರಜೆ ಹತ್ತಿರ ಬಂತು ಅಂದರೆ ಗುಂಪಿನಲ್ಲಿ ದಿನಾ ಇದೇ ಮಾತು. ಬೆಂಗಳೂರು ಏರ್‌ಪೋರ್ಟ್‌ಗೆ ಯಾರ ಗಾಡಿ ಹೇಳಲಿ, ಎಷ್ಟು ಕೊಡಲಿ? ಯಲಹಂಕದಲ್ಲಿ ಸ್ವಂತ ಟೂರಿಸ್ಟ್ ಗಾಡಿಗಳನ್ನು ಇಟ್ಟುಕೊಂಡು ತಾವೇ ಓಡಿಸುವ ನಮ್ಮ ಸದಸ್ಯರೊಬ್ಬರು ಈ ವಾರ ಉತ್ತರ ಕೊಡುತ್ತಾರೆ. ಡ್ಯೂಟಿ ನಡುವೆ ಬರೆಯುತ್ತಾರೆ, ಸ್ವಲ್ಪ ತಡವಾದರೆ ಕಾಯಿರಿ.

ಪ್ರಶ್ನೆ (ಜಯನಗರ): ಅಣ್ಣಾ, ನಮಸ್ಕಾರ. ಡಿಸೆಂಬರ್‌ನಲ್ಲಿ ನಮ್ಮ ಅಕ್ಕ, ಭಾವ, ಇಬ್ಬರು ಮಕ್ಕಳು ಅಮೆರಿಕದಿಂದ ಬರುತ್ತಿದ್ದಾರೆ. 12ನೇ ತಾರೀಕು ಶನಿವಾರ ರಾತ್ರಿ 1:40ಕ್ಕೆ ಫ್ಲೈಟ್ ಇಳಿಯುತ್ತದೆ. ನಮ್ಮ ಮನೆಯವರಿಗೆ ರಾತ್ರಿ ಹೊತ್ತು ಗಾಡಿ ಓಡಿಸಲು ಆಗುವುದಿಲ್ಲ. ಆ್ಯಪ್ ಕ್ಯಾಬ್ ಸಾಕಾ, ಗೊತ್ತಿರುವ ಡ್ರೈವರ್‌ಗೇ ಹೇಳಬೇಕಾ? ಎಷ್ಟು ಕೊಟ್ಟರೆ ನ್ಯಾಯ?

ಉತ್ತರ: ನಮಸ್ಕಾರ ಮೇಡಂ. ದುಡ್ಡಿನ ಮಾತಿಗೆ ಮುಂಚೆ ಟಿಕೆಟ್ ತೆಗೆದು ನೋಡಿ. ಅದರಲ್ಲಿ 12 ಅಂತ ಇದೆಯಾ, 13 ಅಂತ ಇದೆಯಾ?

ಪ್ರಶ್ನೆ (ಜಯನಗರ): 13 ಅಂತ ಇದೆ ಅಣ್ಣಾ. 01:40.

ಉತ್ತರ: ನೋಡಿದ್ರಾ, ಇದಕ್ಕೇ ಕೇಳಿದ್ದು. ರಾತ್ರಿ 12 ದಾಟಿದರೆ ತಾರೀಕು ಬದಲಾಯಿತು. ನಾವು ಬಾಯಲ್ಲಿ ಶನಿವಾರ ರಾತ್ರಿ ಅನ್ನುತ್ತೇವೆ, ಟಿಕೆಟ್ ಭಾನುವಾರ ಅನ್ನುತ್ತದೆ. ನೀವು ಬರೀ "12, ರಾತ್ರಿ 1:40" ಅಂತ ಹೇಳಿದರೆ ಡ್ರೈವರ್ ಶುಕ್ರವಾರ ರಾತ್ರಿಯೇ ಬಂದು ನಿಂತಿರುತ್ತಾನೆ. ಮಾರನೇ ದಿನ ನಿಮ್ಮವರು ಇಳಿದಾಗ ಯಾರೂ ಇರುವುದಿಲ್ಲ. ಏರ್‌ಪೋರ್ಟ್ ಡ್ಯೂಟಿಯಲ್ಲಿ ಜಾಸ್ತಿ ಎಡವಟ್ಟು ಆಗುವುದೇ ಇಲ್ಲಿ. ಆದ್ದರಿಂದ ವಾಟ್ಸಾಪ್‌ನಲ್ಲಿ ಹೀಗೆ ಬರೆದು ಕಳಿಸಿ: "ಡಿಸೆಂಬರ್ 13, ಭಾನುವಾರ ಬೆಳಗಿನ ಜಾವ 1:40. ಶನಿವಾರ ರಾತ್ರಿ ಮನೆಯಿಂದ ಹೊರಡಬೇಕು. ಟರ್ಮಿನಲ್ 2. ದೊಡ್ಡವರು ಇಬ್ಬರು, ಮಕ್ಕಳು ಇಬ್ಬರು, ದೊಡ್ಡ ಸೂಟ್‌ಕೇಸ್ ಇಷ್ಟು." ಜೊತೆಗೆ ಫ್ಲೈಟ್ ನಂಬರ್ ಹಾಕಿ. ನಂಬರ್ ಇದ್ದರೆ ಫ್ಲೈಟ್ ಎರಡು ಗಂಟೆ ಲೇಟು ಅಂತ ಡ್ರೈವರ್‌ಗೆ ಮೊಬೈಲ್‌ನಲ್ಲೇ ಗೊತ್ತಾಗುತ್ತದೆ. ಬರೀ ಟೈಮ್ ಕೊಟ್ಟರೆ ಅವನು ಆ ಟೈಮಿಗೆ ಬಂದು ಸುಮ್ನೆ ಕೂತಿರಬೇಕು. ಆಮೇಲೆ ವೇಟಿಂಗ್ ಚಾರ್ಜ್ ಅಂತ ಜಗಳ.

ಈಗ ಆ್ಯಪ್ ಸಾಕಾ ಅಂದಿರಿ. ಒಬ್ಬರೇ ಬರುತ್ತಿದ್ದರೆ, ಒಂದೇ ಬ್ಯಾಗ್ ಇದ್ದರೆ ಸಾಕು. ನಿಮ್ಮವರಿಗೆ ಸಾಲುವುದಿಲ್ಲ. ಅಮೆರಿಕದಿಂದ ಬರುವವರಿಗೆ ಸಾಮಾನ್ಯವಾಗಿ ತಲೆಗೆ 23 ಕೆ.ಜಿ.ಯ ಎರಡು ಸೂಟ್‌ಕೇಸ್ ಬಿಡುತ್ತಾರೆ. ನಾಲ್ಕು ಜನಕ್ಕೆ ಎಂಟು. ಆ್ಯಪ್‌ನಲ್ಲಿ ಬರುವ ಸೆಡಾನ್‌ಗಳಲ್ಲಿ ತುಂಬಾ ಗಾಡಿ ಸಿಎನ್‌ಜಿ. ಡಿಕ್ಕಿ ತೆಗೆದರೆ ಅರ್ಧ ಜಾಗದಲ್ಲಿ ಸಿಲಿಂಡರ್ ಮಲಗಿರುತ್ತದೆ. ಒಂದು ದೊಡ್ಡ ಸೂಟ್‌ಕೇಸ್, ಪಕ್ಕದಲ್ಲಿ ಒಂದು ಕೈಚೀಲ, ಅಲ್ಲಿಗೆ ಮುಗಿಯಿತು. ಎರ್ಟಿಗಾದಲ್ಲೂ ಹಿಂದಿನ ಸೀಟು ಎತ್ತಿ ನಿಲ್ಲಿಸಿದರೆ ಲಗೇಜ್‌ಗೆ ಜಾಗ ಇರುವುದಿಲ್ಲ. ನಿಮಗೆ ಬೇಕಾಗಿರುವುದು ಇನ್ನೋವಾ, ಹಿಂದಿನ ಸಾಲನ್ನು ಪಕ್ಕಕ್ಕೆ ಮಡಚಿ, ಮೇಲೆ ಕ್ಯಾರಿಯರ್ ಇರುವುದು. "ಕ್ಯಾರಿಯರ್ ಇದೆಯಾ, ಹಗ್ಗ ಇದೆಯಾ" ಅಂತ ಬಾಯಿಬಿಟ್ಟು ಕೇಳಿ.

ದರದ ವಿಷಯ. 2024ರಲ್ಲಿ ರಾಜ್ಯ ಸರ್ಕಾರ ನಗರದ ಟ್ಯಾಕ್ಸಿಗಳಿಗೆಲ್ಲ ಒಂದೇ ದರ ಮಾಡಿತು. ಗಾಡಿಯ ಬೆಲೆ 10 ಲಕ್ಷದ ಒಳಗಿದ್ದರೆ ಮೊದಲ 4 ಕಿ.ಮೀ.ಗೆ 100 ರೂಪಾಯಿ, ಆಮೇಲೆ ಕಿ.ಮೀ.ಗೆ 24. 15 ಲಕ್ಷದ ಮೇಲಿನ ಗಾಡಿಗೆ 130, ಆಮೇಲೆ ಕಿ.ಮೀ.ಗೆ 32. ರಾತ್ರಿ 12ರಿಂದ ಬೆಳಗ್ಗೆ 6ರವರೆಗೆ ನೂರಕ್ಕೆ 10 ಜಾಸ್ತಿ. ಟೋಲ್ ಬೇರೆ, ಜಿಎಸ್‌ಟಿ ಬೇರೆ. ಜಯನಗರಕ್ಕೆ 40 ಕಿ.ಮೀ. ಅಂತ ಹಿಡಿದರೆ ಇನ್ನೋವಾಗೆ ಆ ಲೆಕ್ಕದಲ್ಲಿ 1,282, ರಾತ್ರಿದು ಸೇರಿ 1,410. ಮೊದಲೇ ಮಾತಾಡಿದ ಗಾಡಿಯವರು ಇದಕ್ಕಿಂತ ಜಾಸ್ತಿ ಹೇಳುತ್ತಾರೆ. ನಾನೂ ಹೇಳುತ್ತೇನೆ. ಕಾರಣ ಇಷ್ಟೇ: ಗಾಡಿ ಒಂದು ಕಡೆ ಖಾಲಿ ಓಡುತ್ತದೆ, ಪಾರ್ಕಿಂಗ್‌ನಲ್ಲಿ ಕಾಯುತ್ತದೆ. ಆ ರಾತ್ರಿ ಬೇರೆ ಬಾಡಿಗೆ ಹಿಡಿಯುವ ಹಾಗೂ ಇಲ್ಲ. ಈ ಮೂರೂ ಸೇರಿಸಿ ಒಂದೇ ಮೊತ್ತ ಹೇಳಿ ಅಂತ ಕೇಳಿ. "ಟೋಲ್, ಪಾರ್ಕಿಂಗ್, ವೇಟಿಂಗ್ ಎಲ್ಲ ಸೇರಿಯಾ?" ಎಂಬ ಒಂದು ಪ್ರಶ್ನೆ ಕೇಳದೆ ಬುಕ್ ಮಾಡಲೇಬೇಡಿ.

ಇನ್ನೊಂದು ಮಾತು. ಅಕ್ಕನಿಗೆ ಹೇಳಿ, ಲಗೇಜ್ ಬೆಲ್ಟ್ ಹತ್ತಿರ ನಿಂತುಕೊಂಡು "ಬಂದ್ವಿ, ಗಾಡಿ ತನ್ನಿ" ಅಂತ ಫೋನ್ ಮಾಡಬಾರದು. ಪಿಕಪ್ ಲೇನ್‌ನಲ್ಲಿ ಗಾಡಿ ನಿಲ್ಲಿಸಿಕೊಂಡಿರಲು ಬಿಡುವುದಿಲ್ಲ, ಶಿಳ್ಳೆ ಹೊಡೆದು ಕಳಿಸುತ್ತಾರೆ. ಒಂದು ಸಲ ಹೊರಗೆ ಹೋದರೆ ಸುತ್ತಿಕೊಂಡು ಬರಬೇಕು. ಇಮಿಗ್ರೇಷನ್, ಲಗೇಜ್ ಎಲ್ಲ ಮುಗಿಯಲು ಒಂದು ಗಂಟೆ ಸುಲಭವಾಗಿ ಹಿಡಿಯುತ್ತದೆ. ಟ್ರಾಲಿ ತಳ್ಳಿಕೊಂಡು ಬಾಗಿಲು ದಾಟಿದ ಮೇಲೆ ಫೋನ್ ಮಾಡಲಿ. ಅವರ ಅಮೆರಿಕದ ನಂಬರ್ ಇಲ್ಲಿ ನಡೆಯದಿದ್ದರೆ ನೀವು ಮನೆಯಲ್ಲಿ ಎದ್ದಿರಬೇಕು. ಡ್ರೈವರ್‌ಗೆ ಅವರ ಫೋಟೋ, ಅವರಿಗೆ ಗಾಡಿ ನಂಬರ್ ಮೊದಲೇ ಕಳಿಸಿಬಿಡಿ.

ಪ್ರಶ್ನೆ (ವಿಜಯನಗರ): ಇಂಟರ್‌ನ್ಯಾಷನಲ್ ಅಂದರೆ ಟಿ2, ಡೊಮೆಸ್ಟಿಕ್ ಅಂದರೆ ಟಿ1. ಹೀಗೆ ಇಟ್ಟುಕೊಂಡರೆ ಸರಿ ತಾನೇ?

ಉತ್ತರ: ಅರ್ಧ ಸರಿ ಸರ್. 2023ರ ಸೆಪ್ಟೆಂಬರ್‌ನಿಂದ ಇಂಟರ್‌ನ್ಯಾಷನಲ್ ಎಲ್ಲ ಟಿ2. ಆದರೆ ಕೆಲವು ಕಂಪನಿಗಳ ಡೊಮೆಸ್ಟಿಕ್ ಫ್ಲೈಟುಗಳೂ ಅಲ್ಲಿಂದಲೇ. ಟಿಕೆಟ್ ನೋಡದೆ ಹೇಳಬೇಡಿ.

ಪ್ರಶ್ನೆ (ಬನಶಂಕರಿ): ಇಷ್ಟೆಲ್ಲ ಯಾಕೆ ಅಣ್ಣಾ? ವಾಯುವಜ್ರ ಬಸ್ ಇದೆಯಲ್ಲ?

ಉತ್ತರ: ಖಂಡಿತ ಇದೆ, ಒಳ್ಳೇ ಬಸ್ಸು. ಮೆಜೆಸ್ಟಿಕ್‌ಗೆ ಕೆಐಎ 9, ಎಲೆಕ್ಟ್ರಾನಿಕ್ ಸಿಟಿಗೆ ಕೆಐಎ 8. ಒಂದು ಬ್ಯಾಗ್ ಇರುವವರು, ಸ್ಟಾಪ್ ಹತ್ತಿರ ಮನೆ ಇರುವವರು ಬಸ್ಸಿನಲ್ಲೇ ಬನ್ನಿ ಅಂತ ನಾನೇ ಹೇಳುತ್ತೇನೆ. ಮೈಸೂರಿನವರಿಗೆ ಏರ್‌ಪೋರ್ಟ್‌ನಿಂದಲೇ ಕೆಎಸ್‌ಆರ್‌ಟಿಸಿ ಫ್ಲೈಬಸ್ ಇದೆ. ವಯಸ್ಸಾದವರು, ಸಣ್ಣ ಮಕ್ಕಳು, ನಡುರಾತ್ರಿ, ಜಾಸ್ತಿ ಲಗೇಜ್. ಇವುಗಳಲ್ಲಿ ಎರಡು ಸೇರಿದರೆ ಗಾಡಿ ಹೇಳಿ.

ಪ್ರಶ್ನೆ (ಮಲ್ಲೇಶ್ವರ): ನಮ್ಮ ಬೀದಿಯಲ್ಲಿ ಒಬ್ಬರು ವೈಟ್ ಬೋರ್ಡ್ ಕಾರಿನಲ್ಲಿ 300 ರೂಪಾಯಿ ಕಡಿಮೆಗೆ ಬಿಡುತ್ತೇನೆ ಅನ್ನುತ್ತಾರೆ. ಹೋಗಬಹುದಾ?

ಉತ್ತರ: ಬೇಡ ಸರ್. ಬಿಳಿ ಪ್ಲೇಟ್ ಸ್ವಂತ ಉಪಯೋಗಕ್ಕೆ ಮಾತ್ರ, ಬಾಡಿಗೆಗೆ ಓಡಿಸುವ ಹಾಗಿಲ್ಲ. ದಾರಿಯಲ್ಲಿ ಆರ್‌ಟಿಒದವರು ಹಿಡಿದರೆ ಗಾಡಿ ಅಲ್ಲೇ ನಿಲ್ಲುತ್ತದೆ, ನಿಮ್ಮ ಫ್ಲೈಟ್ ಹೋಗುತ್ತದೆ. ಅದಕ್ಕಿಂತ ದೊಡ್ಡದು ಇನ್ಶೂರೆನ್ಸ್. ಬಾಡಿಗೆಗೆ ಓಡುತ್ತಿತ್ತು ಅಂತ ಗೊತ್ತಾದರೆ ಕಂಪನಿ ತಕರಾರು ತೆಗೆಯುತ್ತದೆ. ಹಳದಿ ಪ್ಲೇಟಿನ ಮೇಲೆ ಕಪ್ಪು ಅಕ್ಷರ ಇರಬೇಕು. ಎಲೆಕ್ಟ್ರಿಕ್ ಟ್ಯಾಕ್ಸಿ ಆದರೆ ಹಸಿರು ಪ್ಲೇಟಿನ ಮೇಲೆ ಹಳದಿ ಅಕ್ಷರ.

ನಮ್ಮ ಹಳದಿ ಬೋರ್ಡ್ ಗಾಡಿಗೆ ಸ್ಪೀಡ್ ಗವರ್ನರ್ ಇರುತ್ತದೆ, 80 ದಾಟುವುದಿಲ್ಲ. "ಲೇಟಾಯಿತು, ಸ್ವಲ್ಪ ಒತ್ತಿ ಅಣ್ಣಾ" ಅಂದರೆ ಪ್ರಯೋಜನ ಇಲ್ಲ. ಬೇಗ ಹೊರಡಬೇಕು, ಅಷ್ಟೇ. ಸಂಜೆ ಹೊತ್ತು ಹೆಬ್ಬಾಳ ದಾಟುವುದಕ್ಕೇ ಎಷ್ಟು ಹಿಡಿಯುತ್ತದೆ ಅಂತ ಮಲ್ಲೇಶ್ವರದವರಿಗೆ ನಾನು ಹೇಳಬೇಕಾ? ಹೆಣ್ಣೂರು, ಬಾಣಸವಾಡಿ ಕಡೆಯವರು ಬಾಗಲೂರು ರಸ್ತೆ ಹಿಡಿಯಬಹುದು. ಸಾದಹಳ್ಳಿ ಟೋಲ್ ಕೂಡ ಸಿಗುವುದಿಲ್ಲ.

ಪ್ರಶ್ನೆ (ರಾಜಾಜಿನಗರ): ನಮ್ಮ ತಮ್ಮನ ಕುಟುಂಬ ಬೆಳಗಿನ ಜಾವ 2:30ಕ್ಕೆ ಇಳಿಯುತ್ತದೆ. ಮನೆಗೆ ಬಂದು ಮತ್ತೆ ಹೊರಡುವ ಬದಲು ಅಲ್ಲಿಂದಲೇ ಸೀದಾ ಮಡಿಕೇರಿಗೆ ಹೋಗೋಣ ಅಂತ. ಹೋಂಸ್ಟೇ ಬುಕ್ ಆಗಿದೆ. ಅದೇ ಡ್ರೈವರ್ ಕರೆದುಕೊಂಡು ಹೋಗಬಹುದಲ್ಲ?

ಉತ್ತರ: ಸರ್, ಇದಕ್ಕೆ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಏರ್‌ಪೋರ್ಟ್‌ನಿಂದ ಮಡಿಕೇರಿ ಹತ್ತಿರ ಹತ್ತಿರ 300 ಕಿ.ಮೀ. ನಿಮ್ಮವರು ಹೊರಗೆ ಬರುವ ಹೊತ್ತಿಗೆ 3:30. ಡ್ರೈವರ್ ರಾತ್ರಿ 12ಕ್ಕೇ ಮನೆ ಬಿಟ್ಟಿರುತ್ತಾನೆ. ಹಗಲೂ ಡ್ಯೂಟಿ ಮಾಡಿದ್ದರೆ ಅವನು ಮಲಗಿಯೇ ಇಲ್ಲ. ಬೆಳಗಿನ ಜಾವ 3ರಿಂದ 6, ಈ ಮೂರು ಗಂಟೆ ನಮ್ಮ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟದ ಹೊತ್ತು. ರಸ್ತೆ ಖಾಲಿ, ಮೈಸೂರು ಹೈವೇ ನೇರ, ಎ.ಸಿ. ತಂಪು, ಹಿಂದೆ ಎಲ್ಲರೂ ನಿದ್ದೆ. ಕಣ್ಣು ತೆರೆದೇ ಇರುತ್ತದೆ, ಆದರೆ ಮುಂದಿನ ಲಾರಿಯ ಕೆಂಪು ದೀಪ ಎಷ್ಟು ದೂರದಲ್ಲಿದೆ ಅನ್ನುವುದು ತಲೆಗೆ ಹೋಗುವುದಿಲ್ಲ. ಟೀ ಕುಡಿದರೆ ಅರ್ಧ ಗಂಟೆ ಸರಿಹೋಗುತ್ತದೆ, ಆಮೇಲೆ ಮತ್ತೆ ಅದೇ. ಇದನ್ನು ಯಾವ ಡ್ರೈವರ್ರೂ ಗಿರಾಕಿಗೆ ಹೇಳುವುದಿಲ್ಲ. "ಏನಿಲ್ಲ ಸರ್, ಅಭ್ಯಾಸ ಇದೆ" ಅನ್ನುತ್ತಾನೆ. ಬಾಡಿಗೆ ಕೈತಪ್ಪೀತು ಅನ್ನುವ ಭಯ.

ಹಾಗಾಗಿ ನೀವೇ ಕೇಳಬೇಕು. "ನಿನ್ನೆ ಡ್ಯೂಟಿ ಎಷ್ಟು ಹೊತ್ತಿಗೆ ಮುಗಿಯಿತು? ಮಧ್ಯಾಹ್ನ ಮಲಗಿದ್ರಾ?" ಕೇಳಿದರೆ ಯಾರಿಗೂ ಬೇಜಾರಾಗುವುದಿಲ್ಲ, ನಮಗೆ ಸಮಾಧಾನವೇ ಆಗುತ್ತದೆ. ಬುಕ್ ಮಾಡುವಾಗಲೇ "ಹಗಲು ರೆಸ್ಟ್ ಮಾಡಿದ ಡ್ರೈವರ್ ಬೇಕು, ಅದಕ್ಕೆ ಜಾಸ್ತಿ ಆದರೂ ಕೊಡುತ್ತೇವೆ" ಅಂತ ಹೇಳಿ. ಅದಕ್ಕಿಂತ ಒಳ್ಳೆಯದು, ರಾಜಾಜಿನಗರಕ್ಕೆ ಬಂದುಬಿಡಿ. ಮಕ್ಕಳು ನಾಲ್ಕು ಗಂಟೆ ಮಲಗಲಿ, ಬಿಸಿಬಿಸಿ ಇಡ್ಲಿ ತಿಂದು 9ಕ್ಕೆ ಬೇರೆ ಡ್ರೈವರ್ ಜೊತೆ ಹೊರಡಿ. ಮಧ್ಯಾಹ್ನ ಮಡಿಕೇರಿ. ಹೋಂಸ್ಟೇಯವರೂ ಸಾಮಾನ್ಯವಾಗಿ ಅದಕ್ಕೆ ಮುಂಚೆ ರೂಮ್ ಕೊಡುವುದಿಲ್ಲ, ಅಲ್ವಾ?

ಲೆಕ್ಕದಲ್ಲೂ ಇದು ಲಾಭ. ಹೊರ ಊರಿನ ಬಾಡಿಗೆಗೆ ದಿನಕ್ಕೆ ಕನಿಷ್ಠ 250 ಅಥವಾ 300 ಕಿ.ಮೀ. ಅಂತ ಇರುತ್ತದೆ, ಡ್ರೈವರ್ ಬಾಟಾ, ಅಂದರೆ ಅವನ ದಿನದ ಭತ್ಯೆ, ಬೇರೆ. ದಿನ ಅಂದರೆ ನಮ್ಮಲ್ಲಿ ತುಂಬಾ ಟ್ರಾವೆಲ್ಸ್‌ನವರಿಗೆ ರಾತ್ರಿ 12ರಿಂದ ರಾತ್ರಿ 12. ಗಾಡಿ ಶನಿವಾರ ರಾತ್ರಿ 11ಕ್ಕೆ ಶೆಡ್ (ಗಾಡಿ ನಿಲ್ಲಿಸುವ ಜಾಗ) ಬಿಟ್ಟರೆ ಆ ಒಂದು ಗಂಟೆಗೂ ಒಂದು ದಿನ ಹಾಕುತ್ತಾರೆ. ಕಿ.ಮೀ. ಎಣಿಸುವುದು ಶೆಡ್‌ನಿಂದ ಶೆಡ್‌ಗೆ. ಇದನ್ನು ಮುಂಚೆ ಮಾತಾಡಿಕೊಳ್ಳದೆ ಕೊನೆಯಲ್ಲಿ ಬಿಲ್ ನೋಡಿ ಮುಖ ಕೆಡಿಸಿಕೊಳ್ಳುವವರು ಬಹಳ.

ಪ್ರಶ್ನೆ (ರಾಜಾಜಿನಗರ): ಒಪ್ಪಿದೆ. ಮನೆಗೇ ಬರುತ್ತಾರೆ. ತುಮಕೂರಿನಲ್ಲಿ ನಮ್ಮ ಚಿಕ್ಕಪ್ಪ ಇದ್ದಾರೆ, ಅವರ ಪಿಕಪ್‌ಗೂ ಹೆಬ್ಬಾಳಕ್ಕೆ ಬರಲೇಬೇಕಾ?

ಉತ್ತರ: ಬೇಕಿಲ್ಲ. ದೇವನಹಳ್ಳಿ, ದೊಡ್ಡಬಳ್ಳಾಪುರ, ದಾಬಸ್‌ಪೇಟೆ ಮೇಲೆ ಹೋದರೆ ಊರೊಳಗೆ ಬರದೆ ತುಮಕೂರು ರಸ್ತೆ ಸಿಗುತ್ತದೆ.

ಪ್ರಶ್ನೆ (ಬಸವನಗುಡಿ): ನಮ್ಮದು ಉಲ್ಟಾ ಅಣ್ಣಾ. ನಾವೇ ಮಕ್ಕಳ ಜೊತೆ ಬಾಲಿಗೆ ಹೋಗುತ್ತಿದ್ದೇವೆ. ಅಲ್ಲಿ ಏರ್‌ಪೋರ್ಟ್‌ನಿಂದ ಉಬುದ್‌ಗೆ ಅಲ್ಲಿನ ಡ್ರೈವರ್‌ನ ಮೊದಲೇ ಹೇಳಬೇಕಂತೆ. ಗುರುತು ಪರಿಚಯ ಇಲ್ಲ, ಹೇಗೆ ನಂಬುವುದು?

ಉತ್ತರ: ನಮ್ಮ ಗಿರಾಕಿಗಳಿಗೆ ಅಲ್ಲಿನ ಡ್ರೈವರ್‌ಗಳ ಜೊತೆ ನಾನೇ ಮಾತಾಡಿಕೊಟ್ಟಿದ್ದೇನೆ. ಅವರೂ ನಮ್ಮ ಹಾಗೇ ವಾಟ್ಸಾಪ್‌ನಲ್ಲೇ ವ್ಯವಹಾರ. ಮೇಲೆ ಬರೆದ ಮೆಸೇಜನ್ನೇ ಇಂಗ್ಲಿಷ್‌ನಲ್ಲಿ ಕಳಿಸಿ. ನಿಮ್ಮ ಹೆಸರು ಬರೆದ ಬೋರ್ಡ್ ಹಿಡಿದು ನಿಂತಿರುತ್ತಾರೆ. ಮೊದಲ ಸಲ ಹೋಗುವವರು ಹೋಟೆಲ್‌ನವರ ಮೂಲಕವೇ ಡ್ರೈವರ್ ಹೇಳುವುದು ಕ್ಷೇಮ. ಏನಾದರೂ ಹೆಚ್ಚುಕಮ್ಮಿ ಆದರೆ ಕೇಳಲು ಒಬ್ಬರು ಇರುತ್ತಾರೆ.

ದುಡ್ಡಿನಲ್ಲಿ ಜಾಗ್ರತೆ. ಅಲ್ಲಿ ದರ ಸಾವಿರದ ಲೆಕ್ಕದಲ್ಲಿ ಹೇಳುತ್ತಾರೆ. "300 ಕೆ" ಅಂದರೆ ಅವರ 3 ಲಕ್ಷ ರುಪಿಯಾ. ಸೊನ್ನೆ ಎಣಿಸಿ ಕೊಡಿ. ತಲೆಗೆ ಇಷ್ಟಾ, ಗಾಡಿಗೆ ಇಷ್ಟಾ ಅನ್ನುವುದನ್ನೂ ಬರೆಸಿಕೊಳ್ಳಿ. ಉಬುದ್ ಒಳನಾಡಿನಲ್ಲಿದೆ, ಒಂದೂವರೆ ಗಂಟೆ ಅಂತ ಇಟ್ಟುಕೊಳ್ಳಿ. ಡ್ರೈವರ್ ಹಿಡಿಸಿದರೆ ಅವರನ್ನೇ ಇಡೀ ದಿನಕ್ಕೆ ಹೇಳಬಹುದು. ಸಾಮಾನ್ಯವಾಗಿ 10 ಗಂಟೆ, ಪೆಟ್ರೋಲ್ ಸೇರಿ.

ತಾರೀಕು ಮಾರ್ಚ್ ಆದರೆ ಇನ್ನೊಂದು ನೋಡಿಕೊಳ್ಳಿ. ನ್ಯೇಪಿ ಅಂತ ಅವರ ಹೊಸ ವರ್ಷದ ಹಬ್ಬ. ಅವರೂ ಶಕ ವರ್ಷವನ್ನೇ ಎಣಿಸುತ್ತಾರೆ, ಆದರೆ ಹಬ್ಬ ಕೆಲವು ವರ್ಷ ನಮ್ಮ ಯುಗಾದಿಯ ಆಸುಪಾಸಿನಲ್ಲಿ, ಕೆಲವು ವರ್ಷ ಸುಮಾರು ಒಂದು ತಿಂಗಳು ಮುಂಚೆಯೇ ಬರುತ್ತದೆ. ಆವತ್ತು 24 ಗಂಟೆ ಏರ್‌ಪೋರ್ಟೇ ಮುಚ್ಚಿರುತ್ತದೆ, ಯಾವ ಡ್ರೈವರ್ರೂ ರಸ್ತೆಗೆ ಗಾಡಿ ಇಳಿಸುವ ಹಾಗಿಲ್ಲ.

ಪ್ರಶ್ನೆ (ಯಶವಂತಪುರ): ಅಡ್ವಾನ್ಸ್ ಎಷ್ಟು ಕೊಡಬೇಕು? ಹೋದ ವರ್ಷ ಒಬ್ಬರು ಪೂರ್ತಿ ದುಡ್ಡು ತೆಗೆದುಕೊಂಡು ಕೊನೇ ಗಳಿಗೆಯಲ್ಲಿ ಫೋನ್ ಸ್ವಿಚ್ ಆಫ್ ಮಾಡಿಬಿಟ್ಟರು.

ಉತ್ತರ: ಪೂರ್ತಿ ಯಾವತ್ತೂ ಕೊಡಬೇಡಿ ಸರ್. ಇನ್ನೂರೋ ಮುನ್ನೂರೋ ಸಾಕು. ನಮಗೂ ಅಷ್ಟು ಬೇಕು, ಯಾಕೆಂದರೆ ಮೂರು ಕಡೆ ಬುಕ್ ಮಾಡಿ ಎರಡಕ್ಕೆ ಹೇಳದೆ ಕೈಕೊಡುವ ಗಿರಾಕಿಗಳೂ ಇದ್ದಾರೆ. ಹಿಂದಿನ ಸಂಜೆ 6ಕ್ಕೆ ಫೋನ್ ಮಾಡಿ. ಗಾಡಿ ನಂಬರ್, ಡ್ರೈವರ್ ಹೆಸರು, ಡ್ರೈವರ್‌ನ ಸ್ವಂತ ನಂಬರ್ ಕೇಳಿ. ನೀವು ಮಾತಾಡಿದವರೇ ಬರುತ್ತಾರೆ ಅಂತಿಲ್ಲ, ಗಾಡಿ ಕೆಟ್ಟರೆ ಇನ್ನೊಬ್ಬರಿಗೆ ಡ್ಯೂಟಿ ಕೊಡುತ್ತಾರೆ, ಅದು ತಪ್ಪಲ್ಲ. ಆದರೆ ಸಂಜೆ 6ಕ್ಕೂ "ಕಳಿಸುತ್ತೇವೆ ಬಿಡಿ" ಅಂತಲೇ ಹೇಳುತ್ತಿದ್ದರೆ ಆಗಲೇ ಬೇರೆ ಗಾಡಿ ನೋಡಿಕೊಳ್ಳಿ. ರಾತ್ರಿ 12ಕ್ಕೆ ಹುಡುಕಿದರೆ ಸಿಗುವುದು ಕಷ್ಟ.

ಟಿಪ್ಸ್ ಬಗ್ಗೆ ಇಬ್ಬರು ಪ್ರತ್ಯೇಕವಾಗಿ ಮೆಸೇಜ್ ಮಾಡಿದ್ದಾರೆ. ನಿಮ್ಮ ಇಷ್ಟ. ಫ್ಲೈಟ್ ಮೂರು ಗಂಟೆ ಲೇಟಾಗಿ, ಡ್ರೈವರ್ ಮುಖ ಗಂಟಿಕ್ಕದೆ ಕಾದಿದ್ದರೆ ಊಟಕ್ಕೆ ಅಂತ ನೂರೋ ಇನ್ನೂರೋ ಕೊಡಿ. ಪಿಕಪ್ ಇದೆ, ಹೊರಡುತ್ತೇನೆ. ಉಳಿದ ಪ್ರಶ್ನೆಗಳಿಗೆ ನಾಳೆ ಮಧ್ಯಾಹ್ನ ಬರೆಯುತ್ತೇನೆ.