‘ಉಳಿಕೆ’ಯೋ, ‘ಮೀಸಲೋ’, ‘ಉಳಿಸಿಕೊಂಡದ್ದೋ’?

ಬಳಗದವರಿಗೆಲ್ಲ ನಮಸ್ಕಾರ.

ಫೆಡರಲ್ ಸರ್ಕಾರದ ಕೈ ಉದ್ದವಾಯಿತು, ಅಧಿಕಾರ ರಾಜ್ಯಗಳಿಗೂ ಜನರಿಗೂ ಮರಳಬೇಕು ಎಂದು ಅಮೆರಿಕದಲ್ಲಿ ಒಂದು ಪಂಗಡ ಬಹುಕಾಲದಿಂದ ವಾದಿಸುತ್ತಿದೆ. ಅವರ ಕುರಿತ ಲೇಖನವೊಂದನ್ನು ವಿರಾಜಪೇಟೆಯ ನಮ್ಮ ಓದುಗರ ಕೂಟಕ್ಕಾಗಿ ಕನ್ನಡಕ್ಕೆ ತರುತ್ತಿದ್ದೇನೆ. ವಾದದ ಬುಡ ಇರುವುದು ಅಲ್ಲಿನ ಸಂವಿಧಾನಕ್ಕೆ 1791ರಲ್ಲಿ ಜಾರಿಗೆ ಬಂದ ಹತ್ತನೆಯ ತಿದ್ದುಪಡಿಯಲ್ಲಿ. ಸಂವಿಧಾನವು ಒಕ್ಕೂಟಕ್ಕೆ ಒಪ್ಪಿಸದ, ರಾಜ್ಯಗಳಿಗೆ ನಿಷೇಧಿಸದ ಅಧಿಕಾರಗಳು ರಾಜ್ಯಗಳಿಗೆ ಇಲ್ಲವೇ ಜನರಿಗೆ... ಇಲ್ಲಿಯವರೆಗೆ ಸಲೀಸು. ಕೊನೆಗೆ ಬರಬೇಕಾದ ಪದದಲ್ಲಿ, ಮೂಲದ ‘reserved’ನಲ್ಲಿ, ಮೂರು ದಿನದಿಂದ ಸಿಕ್ಕಿಕೊಂಡಿದ್ದೇನೆ.

ಮೊದಲು ‘ಉಳಿಕೆ ಅಧಿಕಾರ’ ಎಂದು ಬರೆದೆ. ಆದರೆ ನಮ್ಮ ಸಂವಿಧಾನದ 248ನೆಯ ವಿಧಿಯನ್ನು ವಿವರಿಸುವಾಗಲೂ ಇದೇ ಪದ ಬರುತ್ತದೆ. ರಾಜ್ಯ ಪಟ್ಟಿಯಲ್ಲೂ ಸಮವರ್ತಿ ಪಟ್ಟಿಯಲ್ಲೂ ಇಲ್ಲದ ವಿಷಯಗಳು ನಮ್ಮಲ್ಲಿ ಸಂಸತ್ತಿಗೆ ಸೇರುತ್ತವೆ. ಅಂದರೆ ಇಲ್ಲಿನ ಉಳಿಕೆ ದೆಹಲಿಗೆ, ಅಲ್ಲಿನದು ವಾಷಿಂಗ್ಟನ್ನಿಗೆ ಅಲ್ಲ. ಸಾಲದ್ದಕ್ಕೆ ಉಳಿಕೆ ಎಂದ ಕೂಡಲೇ ಎಲ್ಲರಿಗೂ ಬಡಿಸಿದ ಮೇಲೆ ಪಾತ್ರೆಯ ತಳದಲ್ಲಿ ಮಿಕ್ಕದ್ದು ಕಣ್ಣಿಗೆ ಬರುತ್ತದೆ. ಆ ವಾದಿಗಳ ಪ್ರಕಾರವಾದರೋ ಪಾತ್ರೆ ಜನರದೇ, ಸರ್ಕಾರಕ್ಕೆ ಸೌಟಿನಲ್ಲಿ ಅಳೆದು ಬಡಿಸಿದ್ದಷ್ಟೆ.

ಹಾಗಾದರೆ ‘ಮೀಸಲು’? ದೇವರಿಗೆಂದು ಮೊದಲೇ ತೆಗೆದಿಟ್ಟದ್ದು ಎಂಬ ಹಳೆಯ ಅರ್ಥ ಇಲ್ಲಿಗೆ ಚೆನ್ನಾಗಿಯೇ ಒಗ್ಗುತ್ತದೆ. ತೊಂದರೆ ನಮ್ಮ ಊರಿನದು. ಕೊಡಗಿನಲ್ಲಿ ಮೀಸಲು ಎಂದರೆ ಮೀಸಲು ಅರಣ್ಯ: ಸರ್ಕಾರ ತನಗೆಂದು ಗಡಿ ಹಾಕಿಕೊಂಡ, ನಾವು ನುಗ್ಗಬಾರದ ಜಾಗ. ‘ಜನರಿಗೆ ಮೀಸಲು’ ಎಂದು ಓದಿದಾಗ ಕೂಟದ ಗೆಳೆಯರೊಬ್ಬರು, ‘ಯಾವ ಜನರಿಗೆ, ಶೇಕಡಾ ಎಷ್ಟು?’ ಎಂದು ಕೇಳಿದರು. ಮೀಸಲಾತಿಯೂ ಆ ಪದದೊಳಗೆ ಬಂದು ಕುಳಿತಿದೆ.

ಈಗ ನನ್ನ ಒಲವು ‘ಉಳಿಸಿಕೊಂಡ ಅಧಿಕಾರ’ದ ಕಡೆಗೆ. ‘ಉಳಿದ’ ಎಂದರೆ ತಾನಾಗಿ ಮಿಕ್ಕದ್ದು; ‘ಉಳಿಸಿಕೊಂಡ’ ಎಂದರೆ ಯಾರೋ ಬಿಟ್ಟುಕೊಡಲಿಲ್ಲ ಎಂದಾಯಿತು. ‘ಕೊಳ್ಳು’ ಸೇರಿದ ಕೂಡಲೇ ಒಡೆಯ ಯಾರೆಂಬುದು ತಿಳಿದುಬಿಡುತ್ತದೆ. ಆದರೆ ಅದೇ ವರ್ಷದ ಒಂಬತ್ತನೆಯ ತಿದ್ದುಪಡಿ ಜನರು ಉಳಿಸಿಕೊಂಡ ಹಕ್ಕುಗಳ ಮಾತಾಡುತ್ತದೆ, ಮೂಲದಲ್ಲಿ ಅಲ್ಲಿರುವ ಪದವೇ ಬೇರೆ, ‘retained’. ಎರಡಕ್ಕೂ ಒಂದೇ ಕನ್ನಡ ಪದ ಹಾಕಿದರೆ ಬೇಲಿ ಕಿತ್ತಂತಾಗುತ್ತದೆ.

ತಾನೇ ಉಳಿಸಿಕೊಂಡದ್ದಕ್ಕೂ ಮೇಲಿನವರು ಕೊಟ್ಟದ್ದಕ್ಕೂ ಇರುವ ಭೇದ ಬರಿಯ ವ್ಯಾಕರಣದ್ದಲ್ಲ ಎಂದು ನಮಗೆ ಕೋವಿ ಕಲಿಸಿದೆ. ಕೊಡವರೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರೂ ಪರವಾನಗಿ ಇಲ್ಲದೆ ಕೋವಿ ಇಟ್ಟುಕೊಳ್ಳುವುದನ್ನು ಮನೆಮಂದಿ ‘ಕೋವಿ ಹಕ್ಕು’ ಎನ್ನುತ್ತಾರೆ. ಕಾಗದದಲ್ಲಿರುವುದು ‘ವಿನಾಯಿತಿ’. ಕೇಂದ್ರ ಗೃಹ ಸಚಿವಾಲಯ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. ಹಕ್ಕಾಗಿದ್ದರೆ ಮುಂದುವರಿಸುವ ಮಾತು ಎಲ್ಲಿಂದ ಬರುತ್ತಿತ್ತು? ‘ವಿಕೇಂದ್ರೀಕರಣ’ವನ್ನು ನಾನು ಬಿಟ್ಟದ್ದೂ ಇದಕ್ಕೇ. ಅದು ಮೇಲಿನವರು ಕೆಳಗಿಳಿಸಿ ಕೊಡುವ ಪದ.

‘ವ್ಯಕ್ತಿಗೆ ಅಧಿಕಾರ ಮರಳಿಸಬೇಕು’ ಎಂಬ ವಾಕ್ಯವನ್ನಂತೂ ಹೊಡೆದುಹಾಕಿದೆ. ಯಾರೋ ಒಬ್ಬನನ್ನು ಪಟ್ಟಕ್ಕೆ ಕೂರಿಸುವ ಹಾಗೆ ಕೇಳುತ್ತದೆ. ಲೇಖಕರ ಮಾತಿಗೆ ತೀರಾ ತದ್ವಿರುದ್ಧ. ‘ಪ್ರಜೆ’ಯೂ ಬೇಡ, ಅದರ ಹಿಂದೆ ರಾಜ ನಿಂತಿರುತ್ತಾನೆ.

‘ಸೀಮಿತ ಸರ್ಕಾರ’ ಪುಸ್ತಕದ ಮಾತು, ‘ನಿಯಮಿತ’ ಎಂದರೆ ಸಹಕಾರ ಸಂಘದ ಬೋರ್ಡು. ಭೂಮಾಪನ ಇಲಾಖೆಯಿಂದ ನಿವೃತ್ತರಾದ ನಮ್ಮ ಚಿಕ್ಕಪ್ಪ, ‘ಹದ್ದುಬಸ್ತು ಮಾಡಿದ ಸರ್ಕಾರ ಅನ್ನು’ ಎಂದರು. ಗಡಿ ಅಳೆದು ಕಲ್ಲು ನೆಡುವುದೂ ಅದೇ, ಅಂಕೆಯಲ್ಲಿಡುವುದೂ ಅದೇ. ‘ಸರ್ಕಾರವನ್ನು ಹದ್ದುಬಸ್ತಿನಲ್ಲಿಡುವುದು’ ಎಂದು ಬರೆದಿಟ್ಟಿದ್ದೇನೆ. ನನಗೆ ಬಹಳ ಹಿಡಿಸಿದೆ, ಯಾರೂ ಕೆಡಿಸಬೇಡಿ.

ಇನ್ನು ‘ಫೆಡರಲ್’. ಅಮೆರಿಕದ್ದಕ್ಕೆ ‘ಕೇಂದ್ರ’ ಎನ್ನಲು ಮನಸ್ಸಿಲ್ಲ, ‘ಒಕ್ಕೂಟ ಸರ್ಕಾರ’ ಎಂದಿದ್ದೇನೆ. ನಮ್ಮ ಸಂವಿಧಾನದ ಮೊದಲ ವಿಧಿಯೂ ಭಾರತವನ್ನು ‘ರಾಜ್ಯಗಳ ಒಕ್ಕೂಟ’ ಎನ್ನುತ್ತದೆ. ಒಕ್ಕಗಳು, ಅಂದರೆ ಕೊಡವರ ಮನೆತನಗಳು, ಕೂಡಿದ್ದೇ ಒಕ್ಕೂಟ ಎಂದು ಇಲ್ಲಿ ಕೆಲವರು ಹೆಮ್ಮೆಯಿಂದ ಬಿಡಿಸುವುದುಂಟು. ಚೆಂದವಿದೆ, ನಿಜವಲ್ಲ. ಒಕ್ಕಣ್ಣ, ಒಕ್ಕೊರಲು ಇದ್ದ ಹಾಗೆಯೇ ಇದು ‘ಒರ್’ ಮತ್ತು ‘ಕೂಟ’ ಸೇರಿ ಆದದ್ದು. ಕೊಡವರ ಒಕ್ಕಕ್ಕೆ ನಂಟಿರುವುದು ಒಕ್ಕಲಿನ ಜೊತೆ.

ನನಗೆ ಬೇಕಿರುವುದು ಇಷ್ಟು. ‘ಉಳಿಸಿಕೊಂಡ’ ಎಂಬುದನ್ನು ಒಂಬತ್ತನೆಯ ತಿದ್ದುಪಡಿಗೆ ಬಿಟ್ಟರೆ ಹತ್ತನೆಯದಕ್ಕೆ ಏನು ಹಾಕಲಿ? ‘ಕಾಯ್ದಿಟ್ಟ’ ಎನ್ನೋಣವೆಂದರೆ ಬಸ್ಸಿನಲ್ಲಿ ಸೀಟು ಕಾಯ್ದಿರಿಸಿದ ಹಾಗೆ ಆಗುತ್ತದೆಯೇ? ದಾಯ ಭಾಗದ ಪತ್ರಗಳಲ್ಲಿ, ಹಳೆಯ ಕರಾರುಗಳಲ್ಲಿ ಕೊಡುವವನು ತನಗೆಂದು ಹಿಡಿದಿಟ್ಟುಕೊಂಡ ಭಾಗಕ್ಕೆ ಬಳಸುತ್ತಿದ್ದ ಪದ ನಿಮ್ಮ ಕಡೆ ಯಾವುದಾದರೂ ಇದ್ದರೆ ವಾಕ್ಯಸಮೇತ ತಿಳಿಸಿ. ಶನಿವಾರದೊಳಗೆ ಬಂದರೆ ಒಳ್ಳೆಯದು, ಭಾನುವಾರ ಕೂಟವಿದೆ.