ಎಲೈಸಾದಲ್ಲಿ ಹಳದಿಯೋ ಹಳದಿ, ಸ್ಲೈಡಲ್ಲಿ ಏನೂ ಇಲ್ಲ!

ಕ್ಲೋನ್‌ಹುಚ್ಚ:
ಮಾನೊಕ್ಲೋನಲ್ ಆಂಟಿಬಾಡಿ (ಒಂದೇ ಗುರಿಗೆ ಅಂಟುವ ಪ್ರತಿಕಾಯ) ಮಾಡಲು ಹೋಗಿ ಎಂಟು ತಿಂಗಳಿಂದ ಇದೇ ಗೋಳು. ಇಲಿಗೆ ಚುಚ್ಚಿದ್ದಾಯಿತು, ಅದರ ಗುಲ್ಮದ ಕೋಶಗಳಿಗೆ ಎಸ್‌ಪಿ2/0 ಎಂಬ ಕ್ಯಾನ್ಸರ್ ಕೋಶಗಳ ಜೊತೆ ಫ್ಯೂಷನ್ ಆಯಿತು, ಬೆಸೆದವನ್ನಷ್ಟೇ ಉಳಿಸುವ ಹ್ಯಾಟ್ ಮೀಡಿಯಾ, ಎರಡು ಸಲ ಸಬ್‌ಕ್ಲೋನಿಂಗ್, ಎಲ್ಲ ಆಯಿತು. ಟಾರ್ಗೆಟ್ ಹೆರ್2, ಕೆಲವು ಸ್ತನ ಕ್ಯಾನ್ಸರ್ ಕೋಶಗಳ ಮೇಲೆ ಹೆಚ್ಚಿರುವ ಪ್ರೋಟೀನ್. 4ಡಿ7 ಕ್ಲೋನ್ ಎಲೈಸಾದಲ್ಲಿ (ಆಂಟಿಬಾಡಿ ಅಂಟಿದರೆ ಪ್ಲೇಟ್ ಹಳದಿಯಾಗುವ ಪರೀಕ್ಷೆ) ಓಡಿ, ಅಂದರೆ ಬಣ್ಣದ ಅಳತೆ, 2.1 ಕೊಡುತ್ತದೆ. ಸ್ತನ ಕ್ಯಾನ್ಸರ್ ಸ್ಲೈಡಿಗೆ ಹಾಕಿದರೆ ಬರೀ ಹಿನ್ನೆಲೆಯ ಹೆಮಟಾಕ್ಸಿಲಿನ್ ನೀಲಿ, ಆಂಟಿಬಾಡಿ ಅಂಟಿದ್ದನ್ನು ತೋರಿಸುವ ಕಂದು ಬಣ್ಣದ ಸುಳಿವೇ ಇಲ್ಲ. ಯಾಕೆ?

ಕುಕ್ಕರ್‌ಸಾರ್:
ಆಂಟಿಜೆನ್ ರಿಟ್ರೀವಲ್. ಇನ್ನೇನೂ ಅಲ್ಲ. ಫಾರ್ಮಲಿನ್ ಪ್ರೋಟೀನನ್ನು ಹೆಣೆದು ಬಿಗಿ ಮಾಡಿಬಿಟ್ಟಿರುತ್ತದೆ, ಎಪಿಟೋಪ್, ಅಂದರೆ ಆಂಟಿಬಾಡಿ ಅಂಟುವ ಜಾಗ, ಮುಚ್ಚಿಹೋಗಿರುತ್ತದೆ. ದ್ರಾವಣದಲ್ಲಿ ಬೇಯಿಸಿ ಅದನ್ನು ಬಿಚ್ಚಬೇಕು: ಟ್ರಿಸ್-ಇಡಿಟಿಎ ಪಿಎಚ್ 9, ಪ್ರೆಷರ್ ಕುಕ್ಕರ್.

ಕ್ಲೋನ್‌ಹುಚ್ಚ:
ಸಿಟ್ರೇಟ್ ಪಿಎಚ್ 6ರಲ್ಲಿ ಮಾಡಿದ್ದೇನೆ ಸಾರ್.

ಕುಕ್ಕರ್‌ಸಾರ್:
ನೋಡಿ, ಅದೇ ತಪ್ಪು!

ಕಡಲತಡಿ:
ಪಿಎಚ್ 6ರಲ್ಲಿ ನಮ್ಮ ಎಷ್ಟೋ ಆಂಟಿಬಾಡಿ ಚೆನ್ನಾಗೇ ಬಂದಿವೆ ಮಾರಾಯರೇ. ಎಲ್ಲದಕ್ಕೂ ಕುಕ್ಕರೇ ಮದ್ದಲ್ಲ. ಸಾಕಿದ ಕೋಶಗಳಿಗೆ ತಗಲುವ ಬ್ಯಾಕ್ಟೀರಿಯಾ, ಮೈಕೋಪ್ಲಾಸ್ಮಾ, ನೋಡಿದಿರಾ?

ಕುಕ್ಕರ್‌ಸಾರ್:
ಓಡಿ 2.1 ಬರುತ್ತಿರುವಾಗ ಮೈಕೋಪ್ಲಾಸ್ಮಾ ಯಾಕೆ ಬಂತು ಮಧ್ಯೆ? ನಮ್ಮಲ್ಲಿ ಐದು ಲೀಟರ್ ಸ್ಟೀಲ್ ಕುಕ್ಕರ್, ಹನ್ನೆರಡು ವರ್ಷದಿಂದ ಗ್ಯಾಸ್ಕೆಟ್ ಮಾತ್ರ ಬದಲಿಸಿದ್ದೇವೆ.

ಕಡಲತಡಿ:
ಅನ್ನ ಮಾಡೋದೂ ಅದರಲ್ಲೇನಾ?

ಪ್ಲೇಟ್‌ಮೇಡಂ:
ಇಬ್ಬರೂ ಸ್ವಲ್ಪ ತಡೀರಿ. ಕ್ಲೋನ್‌ಹುಚ್ಚ, ಮೂರು ಪ್ರಶ್ನೆ. ಅದೇ ಬ್ಲಾಕಿನ ಸ್ಲೈಡಿಗೆ ಕೊಂಡುತಂದ ಹೆರ್2 ಆಂಟಿಬಾಡಿ ಹಾಕಿದರೆ ಕಂದು ಬರುತ್ತಾ? ಹೆರ್2 ತುಂಬಿರುವ ಎಸ್‌ಕೆ-ಬಿಆರ್-3 ಕೋಶಗಳನ್ನು ಫಿಕ್ಸ್ ಮಾಡದೆ, ಅಂದರೆ ಫಾರ್ಮಲಿನ್ ಹಾಕದೆ, ಫ್ಲೋದಲ್ಲಿ (ಕೋಶಗಳನ್ನು ಒಂದೊಂದಾಗಿ ಅಳೆಯುವ ಯಂತ್ರ) ನೋಡಿದಿರಾ? ಎಲೈಸಾ ಪ್ಲೇಟಿಗೆ ಕೋಟ್ ಮಾಡಿದ್ದು ಏನನ್ನು?

ಕ್ಲೋನ್‌ಹುಚ್ಚ:
ಕಂಟ್ರೋಲ್ ಚೆನ್ನಾಗಿ ಬರುತ್ತೆ ಮೇಡಂ. ಫ್ಲೋದಲ್ಲೂ ಏನಿಲ್ಲ, ಮೊದಲೇ ಹೇಳಬೇಕಿತ್ತು. ಕೋಟಿಂಗ್ ಅದೇ, ಇಲಿಗೆ ಕೊಟ್ಟದ್ದೇ. ಹೆರ್2ರ 15 ಅಮೈನೋ ಆಮ್ಲದ ಪೆಪ್ಟೈಡ್, ಕೆಎಲ್‌ಎಚ್‌ಗೆ ಜೋಡಿಸಿದ್ದು.

ಪ್ಲೇಟ್‌ಮೇಡಂ:
ಅಯ್ಯೋ, ಅದನ್ನು ಈಗ ಹೇಳೋದಾ! ಕೆಎಲ್‌ಎಚ್ ಅಂದರೆ ಒಂದು ಬಗೆಯ ಕಡಲ ಬಸವನಹುಳುವಿನ ರಕ್ತದ ಪ್ರೋಟೀನ್. ಬೆಟ್ಟದಷ್ಟು ದೊಡ್ಡದು. ಪೆಪ್ಟೈಡ್ ಅದರ ಮೇಲಿನ ಸಾಸಿವೆ. ಇಲಿ ಬೆಟ್ಟಕ್ಕೇ ಜಾಸ್ತಿ ಆಂಟಿಬಾಡಿ ಮಾಡುತ್ತದೆ. ಅದೇ ಕಾಂಜುಗೇಟಿನ (ಜೋಡಿಸಿದ್ದರ) ಮೇಲೆ ಕ್ಲೋನ್‌ಗಳನ್ನು ಸೋಸಿದರೆ ಸಿಗೋದೂ ಅದೇ. ಒಂದು ಸಾಲಿಗೆ ಬರೀ ಕೆಎಲ್‌ಎಚ್, ಇನ್ನೊಂದಕ್ಕೆ ಬಿಎಸ್‌ಎಗೆ (ದನದ ರಕ್ತದ ಪ್ರೋಟೀನ್) ಜೋಡಿಸಿದ ಪೆಪ್ಟೈಡ್ ಕೋಟ್ ಮಾಡಿ ನೋಡಿ.

ಕುಕ್ಕರ್‌ಸಾರ್:
ಅದಿರಲಿ, ಪಿಎಚ್ 9 ಮಾಡಿದಿರಾ?

ಕ್ಲೋನ್‌ಹುಚ್ಚ:
(ನಾಲ್ಕು ದಿನದ ನಂತರ) ಬರೀ ಕೆಎಲ್‌ಎಚ್: 2.0. ಬಿಎಸ್‌ಎ-ಪೆಪ್ಟೈಡ್: 0.08. ಎಂಟು ತಿಂಗಳು ಬಸವನಹುಳು ಹಿಡಿದಿದ್ದೇನೆ.

ಪ್ಲೇಟ್‌ಮೇಡಂ:
ಮೊದಲ ಫ್ಯೂಷನ್ನಿನ ಉಳಿದ ವೆಲ್‌ಗಳನ್ನು ಫ್ರೀಜ್ ಮಾಡಿದ್ದೀರಾ? ಇದ್ದರೆ ಬಿಎಸ್‌ಎ-ಪೆಪ್ಟೈಡ್ ಮೇಲೆ, ಆಮೇಲೆ ಕೋಶಗಳ ಮೇಲೆ ಸೋಸಿ. ಇಲ್ಲದಿದ್ದರೆ ಹೊಸ ಇಲಿ, ಈ ಸಲ ಇಡೀ ಕೋಶವನ್ನೇ ಕೊಡಿ. ಅಂಡಾಶಯ ಕ್ಯಾನ್ಸರಿಗೆ ಮಾಡುವ ಇಂದಿನ ಸಿಎ125 ರಕ್ತಪರೀಕ್ಷೆಗೆ ಮೂಲವಾದ ಓಸಿ125 ಆಂಟಿಬಾಡಿ ಹುಟ್ಟಿದ್ದು ಹಾಗೇ. 1981ರಲ್ಲಿ ಬ್ಯಾಸ್ಟ್ ತಂಡ ಅಂಡಾಶಯ ಕ್ಯಾನ್ಸರಿನ ಕೋಶಗಳನ್ನೇ ಇಲಿಗೆ ಕೊಟ್ಟಿತ್ತು.

ಕ್ಲೋನ್‌ಹುಚ್ಚ:
ಹನ್ನೊಂದು ವಯಲ್ ಇವೆ. ಲೇಬಲ್ ಅಳಿಸಿಹೋಗಿದೆ.

ಕಡಲತಡಿ:
ದ್ರವ ನೈಟ್ರೋಜನ್‌ಗೆ ಹಾಕೋ ವಯಲ್ ಮೇಲೆ ಯಾವ ಪೆನ್ನಲ್ಲಿ ಬರೆದಿದ್ದಿರಿ? ನಾನು ಪೆನ್ಸಿಲ್ಲೇ ಬಳಸೋದು.

ಕುಕ್ಕರ್‌ಸಾರ್:
ಪೆನ್ಸಿಲ್ಲಾ? ಅದಕ್ಕೆ ಬೇರೆ ಥ್ರೆಡ್ ತೆಗೆಯಿರಿ, ಹೇಳುತ್ತೇನೆ.